ಅತ್ತೆಯ ಸ್ನಾನ: ಒಕಝಾಕಿಯ ಒಂದು ಡೇ ಸರ್ವಿಸ್ ಬಗ್ಗೆ

ಹದಿನಾರು ವರ್ಷಗಳ ಮೇಲೆ ಮುಂದಿನ ತಿಂಗಳು ಧಾರವಾಡಕ್ಕೆ ಮರಳುತ್ತಿದ್ದೇವೆ. ಹೊರಡುವ ಮೊದಲು ಒಂದು ಜಾಗದ ಬಗ್ಗೆ ಬರೆದಿಡಬೇಕು ಅನ್ನಿಸಿತು. ಜಪಾನಿನ ಐಚಿ ಪ್ರಾಂತ್ಯದ ಒಕಝಾಕಿಯಲ್ಲಿ ನಮ್ಮ ಅತ್ತೆ-ಮಾವ ಹೋಗುತ್ತಿದ್ದ ಡೇ ಸರ್ವಿಸ್ ಅದು, ಅಂದರೆ ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಂಡು ಸಂಜೆ ಮನೆಗೆ ಬಿಡುವ ಕೇಂದ್ರ. ಅಲ್ಲಿಯವರ ಬಾಯಲ್ಲಿ 'ಡೇಯ್ ಸಾಬಿಸು'. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಬಿಡಿಭಾಗ ಕೊಡುವ ಕಂಪನಿಗೆ ಬಂದಿದ್ದವರನ್ನು ಮದುವೆಯಾಗಿ ನಾನು ಆ ಊರಿಗೆ ಹೋದವಳು. ನನ್ನ ಹಾಗೇ ಜಪಾನಿ ಮನೆ ಸೇರಿದ ಕನ್ನಡದ ಹೆಣ್ಣುಮಕ್ಕಳಿಗೆ ಇದು ಉಪಯೋಗಕ್ಕೆ ಬಂದೀತು.

ಮಾವನವರ ವಿಷಯ ಸುಲಭವಿತ್ತು. ಶೋಗಿ ಎಂಬ ಜಪಾನಿ ಚದುರಂಗ ಆಡಲು ಜೊತೆ ಸಿಕ್ಕಿತು, ಕೊನೆಯ ಒಂದೂವರೆ ವರ್ಷ ಖುಷಿಯಿಂದ ಹೋಗಿಬಂದರು. ಕಷ್ಟವಾದದ್ದು ಅತ್ತೆಯದು.

ಒಂದು ಜನವರಿಯಲ್ಲಿ ಅತ್ತೆ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅಲ್ಲಿಯ ತೊಟ್ಟಿ ಆಳ, ಅಂಚು ದಾಟಿ ಇಳಿಯಬೇಕು. ಚಳಿಗಾಲದಲ್ಲಿ ಕೋಣೆ ಕೊರೆಯುತ್ತಿರುತ್ತದೆ, ನೀರು ಸುಡುತ್ತಿರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ ಎಂದು ನಾನೇ ಹಚ್ಚಿಕೊಂಡೆ. ನಮ್ಮ ಅಜ್ಜಿಗೆ ಅವ್ವ ಹಂಡೆ ನೀರು ತೋಡಿ ಎರೆಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಸೊಸೆಯಾದವಳು ಇಷ್ಟೂ ಮಾಡದಿದ್ದರೆ ಹೇಗೆ ಅಂದುಕೊಂಡಿದ್ದೆ. ಆದರೆ ನಾನು ಬೆನ್ನು ಉಜ್ಜಿದಾಗ, ಕಾಲು ಎತ್ತಿದಾಗ, ಟವೆಲ್ ಸುತ್ತಿದಾಗ, ಪ್ರತಿಸಲ ಅತ್ತೆ 'ಗೊಮೆನ್ ನೆ' ಅನ್ನುತ್ತಿದ್ದರು. ಕ್ಷಮಿಸು ಅಂತ. ಒಂದು ಸ್ನಾನಕ್ಕೆ ಇಪ್ಪತ್ತು ಸಲ ಕ್ಷಮೆ. ಕ್ರಮೇಣ ಇವತ್ತು ಬೇಡ, ನಾಳೆ ನೋಡೋಣ ಅನ್ನತೊಡಗಿದರು.

ನಗರಸಭೆಗೆ ಅರ್ಜಿ ಹಾಕಿದೆವು. ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಮುದಿವಯಸ್ಸಿನ ಆರೈಕೆಗೆಂದೇ 'ಕಾಯ್ಗೊ ಹೊಕೆನ್' ಎಂಬ ವಿಮೆ ಇದೆ. 40 ತುಂಬಿದವರೆಲ್ಲ ಕಂತು ಕಟ್ಟಬೇಕು. ನನ್ನ ಸಂಬಳದಲ್ಲೂ ಕಡಿತವಾಗುತ್ತಿತ್ತು. ನಗರಸಭೆಯಿಂದ ಮನೆಗೆ ಬಂದವರು, ಅತ್ತೆ ಎದ್ದು ನಿಲ್ಲುವುದರಿಂದ ಹಿಡಿದು ಗುಂಡಿ ಹಾಕಿಕೊಳ್ಳುವವರೆಗೆ 74 ಅಂಶ ಪರಿಶೀಲಿಸಿದರು, ಡಾಕ್ಟರ ಅಭಿಪ್ರಾಯವೂ ಸೇರಿತು, ಆರೈಕೆ ಎಷ್ಟು ಬೇಕೆಂದು ಅಳೆಯುವ ಐದು ಹಂತಗಳಲ್ಲಿ ಎರಡನೆಯದು ಸಿಕ್ಕಿತು. ಪರೀಕ್ಷೆಯ ದಿನ ಅತ್ತೆ ಸೀರೆ ಉಡುವಷ್ಟು ಮುತುವರ್ಜಿಯಿಂದ ಚೆನ್ನಾಗಿ ಬಟ್ಟೆ ತೊಟ್ಟು ಎಲ್ಲದಕ್ಕೂ 'ಆಗುತ್ತದೆ' ಅಂದುಬಿಟ್ಟರು. ಆಗದ್ದನ್ನೆಲ್ಲ ನಾನು ಮೊದಲೇ ಚೀಟಿಯಲ್ಲಿ ಬರೆದಿಟ್ಟಿದ್ದೆ, ಬಾಗಿಲ ಹತ್ತಿರ ಅದನ್ನು ಅಧಿಕಾರಿಯ ಕೈಗಿತ್ತೆ. ನೀವೂ ಹಾಗೇ ಮಾಡಿ. ಯಾವ ಸೇವೆ ಎಲ್ಲಿ ಎಂದು ಗೊತ್ತುಮಾಡಿಕೊಡುವ ಕೇರ್ ಮ್ಯಾನೇಜರ್ ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ, ಅದಕ್ಕೆ ನಮ್ಮ ಕೈಯಿಂದ ದುಡ್ಡಿಲ್ಲ.

ಮೊದಲು ಸೇರಿಸಿದ ಕಡೆ ಸ್ನಾನ ಮಾಡಿಸಲು ಹುಡುಗನೊಬ್ಬ ಬಂದ. ಅತ್ತೆ ಒಲ್ಲೆ ಅಂದರು. ಮೂರು ವಾರ ಸ್ನಾನವಿಲ್ಲದೆ ಮರಳಿದರು, ನನಗೆ ಯಾರೂ ಹೇಳಲಿಲ್ಲ. ಕೇರ್ ಮ್ಯಾನೇಜರ್‌ಗೆ ಫೋನು ಮಾಡಿ ಜಾಗ ಬದಲಿಸಿದೆವು.

ಎರಡನೆಯದು ನಾನು ಹೇಳಹೊರಟ ಜಾಗ. ಮುಂಜಾನೆ ಎಂಟು ಮುಕ್ಕಾಲಿಗೆ ಬಿಳಿ ವ್ಯಾನು ಬಾಗಿಲಿಗೆ ಬರುತ್ತದೆ. ಬಿಪಿ ನೋಡಿ, ಚಹಾ ಕೊಟ್ಟು, ಹತ್ತರಿಂದ ಸ್ನಾನ. ಒಬ್ಬೊಬ್ಬರಿಗೇ ತೊಟ್ಟಿ, ಹೆಂಗಸರಿಗೆ ಹೆಂಗಸರೇ. ನಡೆಯಲಾರದವರಿಗೆ ಕುರ್ಚಿ ಸಮೇತ ಇಳಿಸುವ ಯಂತ್ರ. ಡಿಸೆಂಬರಿನ ಅತಿ ಚಿಕ್ಕ ಹಗಲಿನ ದಿನ ನೀರಿನಲ್ಲಿ ಯುಜು ಹಣ್ಣು ತೇಲಿಬಿಡುವುದು ಆ ನಾಡಿನ ಪದ್ಧತಿ. ಇವರು ಅದನ್ನೂ ಬಿಟ್ಟಿರಲಿಲ್ಲ. ಆ ಸಂಜೆ ಅತ್ತೆಯ ತಲೆಗೂದಲು ನಮ್ಮ ಕಡೆಯ ಗಜನಿಂಬೆಯ ಹಾಗೆ ಘಮಘಮಿಸುತ್ತಿತ್ತು. ನಾನು ಕೋಟಿನ ಗುಂಡಿ ಬಿಚ್ಚುತ್ತಿದ್ದೆ. ಅತ್ತೆ ಕ್ಷಮೆ ಕೇಳಲಿಲ್ಲ. ನೀರು ಎಷ್ಟು ಬಿಸಿ ಇತ್ತು ಅಂತ ಹೇಳಿದರು.

ಕೂಲಿ ತೆಗೆದುಕೊಂಡು ಮಾಡುವವರ ಕೈಯಲ್ಲಿ ಅತ್ತೆಗೆ ಋಣದ ಭಾರ ಇರಲಿಲ್ಲ. ನನ್ನ ಕೈಯಲ್ಲಿ ಇತ್ತು. ಇದು ಅರ್ಥವಾಗಲು ನನಗೆ ವರ್ಷ ಹಿಡಿಯಿತು, ಅರ್ಥವಾದ ದಿನ ಅತ್ತಿದ್ದೇನೆ ಕೂಡ.

ಇನ್ನೊಂದು ಮೆಚ್ಚಿದ್ದು 'ರೆನ್‌ರಾಕುಚೋ', ಮನೆಗೂ ಅಲ್ಲಿಗೂ ಓಡಾಡುವ ನೋಟುಬುಕ್ಕು. ಊಟ ಮುಕ್ಕಾಲು ಪಾಲು, ಬಿಪಿ 132/74, ಸ್ನಾನ ಆಯಿತು ಎಂದೆಲ್ಲ ಇರುತ್ತದೆ. ಒಂದು ದಿನ 'ಎಡ ಹಿಮ್ಮಡಿ ಕೆಂಪಗಿದೆ' ಎಂದು ಬರೆದಿತ್ತು. ಹಾಸಿಗೆ ಹುಣ್ಣಿನ ಮೊದಲ ಗುರುತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೆತ್ತೆ ಬದಲಿಸಿದೆವು, ಹುಣ್ಣಾಗಲಿಲ್ಲ.

ಖರ್ಚು: ನಮ್ಮದು ಶೇ 10ರ ಪಾಲು, ಉಳಿದದ್ದು ವಿಮೆಯದು. ಊಟ, ಸ್ನಾನ ಸೇರಿ ದಿನಕ್ಕೆ ಸುಮಾರು 1,600 ಯೆನ್ ಬೀಳುತ್ತಿತ್ತು. ಆದಾಯ ಹೆಚ್ಚಿದ್ದವರಿಗೆ ಶೇ 20 ಅಥವಾ 30.

ಕೊರತೆ ಇಲ್ಲವೆಂದಲ್ಲ. ಭಾನುವಾರ ಇಲ್ಲ, ಹೊಸವರ್ಷಕ್ಕೆ ಆರು ದಿನ ಮುಚ್ಚಿರುತ್ತದೆ. ನಾಲ್ಕೂವರೆಗೆ ವ್ಯಾನು ಮನೆಗೆ ಬಿಡುತ್ತದೆ, ನಾನು ಕೆಲಸದಿಂದ ಬರುವುದು ಆರಕ್ಕೆ. ಆ ಒಂದೂವರೆ ಗಂಟೆ ಪಕ್ಕದ ಮನೆಯ ಅಜ್ಜಿ ಕೂರುತ್ತಿದ್ದರು. ಅವರಿಲ್ಲದಿದ್ದರೆ ನಾನು ನೌಕರಿ ಬಿಡಬೇಕಿತ್ತು. 5ಕ್ಕೆ 4 ಕೊಡುತ್ತೇನೆ, ಕಳೆದ ಒಂದು ಅದಕ್ಕಾಗಿಯೇ.

ನೋಡಲು ಹೋಗುವುದಾದರೆ ಮುಂಜಾನೆ ಹತ್ತೂವರೆಗೆ ಹೋಗಿ. ಮಧ್ಯಾಹ್ನ ಹಾಡು, ಕಾಗದದ ಹೂವು ಎಲ್ಲ ಕಡೆಯೂ ಇರುತ್ತವೆ. ಸ್ನಾನ ಮುಗಿಸಿ ಬರುವವರ ಮುಖ ನೋಡಿ, ತಲೆ ಒಣಗಿಸಿದ್ದಾರೋ ನೋಡಿ, ಸ್ನಾನ ಮಾಡಿಸುವವರು ಯಾರು ಎಂದು ಬಾಯಿಬಿಟ್ಟು ಕೇಳಿ.

ಅತ್ತೆ ಕಳೆದ ಫೆಬ್ರವರಿಯಲ್ಲಿ, 88ಕ್ಕೆ, ನ್ಯುಮೋನಿಯಾದಿಂದ ತೀರಿಕೊಂಡರು. ಧಾರವಾಡದಲ್ಲಿ ಅವ್ವನಿಗೆ ಈಗ 78, ಮೊಣಕಾಲು ಬಾಗುವುದಿಲ್ಲ. ಅಲ್ಲಿ ವ್ಯಾನು ಬರುವುದಿಲ್ಲ, ಮನೆಗೇ ಯಾರನ್ನಾದರೂ ಗೊತ್ತುಮಾಡಬೇಕು. ಮೊನ್ನೆ ಫೋನಿನಲ್ಲಿ ಕೇಳಿದೆ, "ಅವ್ವಾ, ಬಂದ ಮ್ಯಾಲೆ ನಿನಗ ನಾ ಎರೀಲೇನು, ಯಾರನ್ನರ ಇಡೂಣೇನು?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಯಾರನ್ನರ ನೋಡವಾ."