ಪಾರ್ಕಿನ ರಾಜ್ಯಗಳ ಬೀದಿ: ಸಿಬ್ಬಂದಿಯ ಹೊಸ ಉಡುಪು ಹೇಗಿದೆ?

ನಮ್ಮ ಕರಾವಳಿ ಹೆದ್ದಾರಿ ಪಕ್ಕದ ಥೀಮ್ ಪಾರ್ಕಿಗೆ ಈ ಸೀಸನ್‌ನಲ್ಲಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಾರ್ಕಿನ ಹೆಸರು ಹಾಕುವುದಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ್ದಾರೆ, ಅವರಿಗೆ ತೊಂದರೆ ಆಗಬಾರದು. ನೀರಿನ ಆಟ, ರೈಲು, ಜೋಕಾಲಿ ಎಲ್ಲ ಮೊದಲಿನ ಹಾಗೇ ಇವೆ. ಬದಲಾಗಿರುವುದು ರಾಜ್ಯಗಳ ಬೀದಿ. ಒಂದೊಂದು ರಾಜ್ಯಕ್ಕೆ ಒಂದೊಂದು ಮನೆ ಕಟ್ಟಿ, ಅಲ್ಲಿನ ತಿಂಡಿ ಮತ್ತು ಕರಕುಶಲ ವಸ್ತು ಇಟ್ಟು, ಅಲ್ಲಿನ ಉಡುಪು ತೊಟ್ಟವರನ್ನು ನಿಲ್ಲಿಸುವ ಜಾಗ ಅದು. ಆ ಉಡುಪುಗಳನ್ನು ಈ ವರ್ಷ ಪೂರ್ತಿ ಬದಲಿಸಿದ್ದಾರೆ. ನನ್ನ ಅಭಿಪ್ರಾಯ ಇಷ್ಟು: ತೊಡುವವರನ್ನು ಕೇಳಿ ಬದಲಿಸಿದ ಕಡೆ ತುಂಬಾ ಚೆನ್ನಾಗಿದೆ, ಕೇಳದೆ ಬದಲಿಸಿದ ಕಡೆ ಬೇಸರ ಆಗುತ್ತದೆ. ಅದರಲ್ಲೂ ಬೇಸರ ಆದದ್ದು ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಮನೆಯಲ್ಲಿ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ಕಾಶ್ಮೀರದ ಮನೆಯ ಮುಂದೆ ನಿಲ್ಲುವ ಹುಡುಗಿಗೆ ಹಿಂದೆಲ್ಲ ದಪ್ಪ ಉಣ್ಣೆಯ ಫೆರನ್ ತೊಡಿಸುತ್ತಿದ್ದರು. ಫೆರನ್ ಅಂದರೆ ಮೊಣಕಾಲು ದಾಟುವ ಸಡಿಲ ನಿಲುವಂಗಿ. ಚಳಿಗಾಲದಲ್ಲಿ ಅದರ ಒಳಗೆ ಕೆಂಡ ತುಂಬಿದ ಕಾಂಗ್ಡಿ ಹಿಡಿದುಕೊಂಡು ಓಡಾಡುವ ಜನ ಅವರು. ಆ ಉಡುಪನ್ನು ಏಪ್ರಿಲ್ ಬಿಸಿಲಿನಲ್ಲಿ, ಸುಮ್ನೆ ನಿಂತರೂ ಬೆವರು ಇಳಿಯುವ ನಮ್ಮ ಕರಾವಳಿಯಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ ತೊಟ್ಟು ನಗುತ್ತಾ ಫೋಟೋಗೆ ನಿಲ್ಲಬೇಕಿತ್ತು. ಹೋದ ವರ್ಷ ಆ ಹುಡುಗಿಯ ಕುತ್ತಿಗೆ ತುಂಬಾ ಬೆವರುಸಾಲೆ ಎದ್ದಿದ್ದನ್ನು ನಾನೇ ನೋಡಿದ್ದೆ. ಈಗ ಹತ್ತಿಯ ಫೆರನ್ ಬಂದಿದೆ. ಬೇಸಿಗೆಯಲ್ಲಿ ಕಾಶ್ಮೀರದವರೂ ಹತ್ತಿಯದನ್ನೇ ತೊಡುತ್ತಾರೆ, ಹಾಗಾಗಿ ಇದರಲ್ಲಿ ಸುಳ್ಳೂ ಇಲ್ಲ. ಕುತ್ತಿಗೆಯ ಹತ್ತಿರ ಕಸೂತಿ ಹಾಗೇ ಉಳಿದಿದೆ. ಅವಳನ್ನು ಕೇಳಿದೆ, "ಈಗ ಹೇಗಿದೆ ತಂಗಿ?" ಅಂತ. "ಈಗ ಮಧ್ಯಾಹ್ನ ಊಟ ಸೇರ್ತದೆ ಅಕ್ಕ" ಅಂದಳು.

ಅಸ್ಸಾಮಿನ ಮನೆಯನ್ನೂ ಸರಿ ಮಾಡಿದ್ದಾರೆ. ಮೊದಲು ಅಲ್ಲಿ ಮಾಮೂಲಿ ಸೀರೆಯನ್ನೇ ಉಡಿಸಿ ಅಸ್ಸಾಂ ಅಂತ ಬೋರ್ಡ್ ಹಾಕಿದ್ದರು. ಅಲ್ಲಿಯ ಉಡುಪು ಮೇಖಲಾ ಚಾದರ್, ಅದು ಎರಡು ತುಂಡಿನದು. ಸೊಂಟದಿಂದ ಕೆಳಗೆ ಒಂದು, ಮೇಲೆ ಹೊದೆಯಲು ಇನ್ನೊಂದು. ಈಗ ಅದೇ ಬಂದಿದೆ. ಕೊಡಗಿನ ಸೀರೆಯ ನೆರಿಗೆಯೂ ಈಗ ಹಿಂದಕ್ಕೆ ಹೋಗಿದೆ. ಇವೆಲ್ಲ ಸಣ್ಣ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಆ ಊರಿನವರು ಪ್ರವಾಸಕ್ಕೆ ಬಂದು ತಮ್ಮ ಉಡುಪನ್ನು ತಪ್ಪಾಗಿ ಉಟ್ಟವರನ್ನು ನೋಡಿದರೆ ಅವರಿಗೆ ಏನನ್ನಿಸಬೇಕು ಹೇಳಿ. ನಮ್ಮ ಯಕ್ಷಗಾನದ ವೇಷಕ್ಕೆ ಯಾರೋ ರಾಮಲೀಲಾದ ಕಿರೀಟ ಇಟ್ಟರೆ ನಾವು ಸುಮ್ಮನಿರುತ್ತೇವಾ?

ನಾಗಾಲ್ಯಾಂಡಿನ ಮನೆ ಮಾತ್ರ ಇನ್ನೂ ಅರ್ಧಂಬರ್ಧ. ಅಲ್ಲಿನ ಹುಡುಗರಿಗೆಲ್ಲ ನಡುವೆ ಬಿಳಿ ಪಟ್ಟಿ ಇರುವ, ಪಟ್ಟಿಯ ಮೇಲೆ ಪ್ರಾಣಿಗಳ ಚಿತ್ರ ಬರೆದ ಆವೋ ನಾಗಾಗಳ ಶಾಲು ಕೊಟ್ಟಿದ್ದಾರೆ. ಅದು ಯಾರು ಬೇಕಾದರೂ ಹೊದೆಯುವ ಶಾಲು ಆಗಿರಲಿಲ್ಲ. ಯುದ್ಧದಲ್ಲಿ ಹೆಸರು ಮಾಡಿದವನು, ಊರಿಗೆಲ್ಲ ಊಟ ಹಾಕಿಸಿದ ಸಿರಿವಂತ, ಇಂಥವರಿಗೆ ಮಾತ್ರ ಅದನ್ನು ಹೊದೆಯುವ ಹಕ್ಕಿತ್ತು. ನಾಗಾಗಳಲ್ಲಿ ಎಲ್ಲರೂ ಹೊದೆಯುವ ಶಾಲುಗಳೂ ಬೇಕಾದಷ್ಟಿವೆ, ಅವುಗಳಲ್ಲಿ ಒಂದನ್ನು ಆರಿಸಬಹುದಿತ್ತು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಹೆಸರಿನಲ್ಲಿ ಇಟ್ಟಿರುವ ಮೋಮೋ ಅಂಗಡಿಯಲ್ಲಿ ಮೊದಲು ಇದೇ ತರಹದ ತಪ್ಪು ಇತ್ತು. ಮುಂಭಾಗಕ್ಕೆ ಕಟ್ಟುವ ಪಟ್ಟೆಪಟ್ಟೆ ಬಟ್ಟೆ, ಪಂಗ್ದೆನ್ ಅನ್ನುತ್ತಾರಲ್ಲ, ಅದನ್ನು ಮದುವೆಯಾದ ಹೆಂಗಸರು ಕಟ್ಟುವುದು. ಪಾರ್ಕಿನವರು ಕಾಲೇಜು ಹುಡುಗಿಯರಿಗೂ ಕಟ್ಟಿಸಿದ್ದರು. 1966ರಿಂದ ಮುಂಡಗೋಡದಲ್ಲಿ ಟಿಬೆಟಿಯನ್ನರು ನಮ್ಮ ಜೊತೆಗೇ ಇದ್ದಾರೆ. ಒಂದು ಬಸ್ಸು ಹತ್ತಿ ಹೋಗಿ ಕೇಳಿದರೆ ಮುಗಿಯುವ ವಿಷಯ. ಈ ಸಲ ಕೇಳಿದ್ದಾರೆ ಅಂತ ಕಾಣುತ್ತದೆ. ಹುಡುಗಿಯರು ಬರೀ ಚುಬಾ ಅನ್ನುವ ಉದ್ದ ನಿಲುವಂಗಿ ತೊಟ್ಟಿದ್ದಾರೆ, ಚೆಂದ ಕಾಣುತ್ತಾರೆ.

ಇಡೀ ಬೀದಿಯಲ್ಲಿ ನನಗೆ ತುಂಬಾ ಇಷ್ಟ ಆದದ್ದು ಯಕ್ಷಗಾನದ ಮನೆ. ಹಿಂದೆ ಏನು ಮಾಡುತ್ತಿದ್ದರು ಅಂದರೆ, ಒಬ್ಬ ಕಲಾವಿದರನ್ನು ಪೂರ್ತಿ ವೇಷ ಕಟ್ಟಿಸಿ ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಬಂದವರೆಲ್ಲ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಯುವುದು, ಮಕ್ಕಳು ಗೆಜ್ಜೆ ಎಳೆಯುವುದು. ರಾತ್ರಿ ರಂಗದ ಮೇಲೆ ನೋಡಿದರೆ ಮೈ ಜುಮ್ಮೆನ್ನಿಸುವ ವೇಷ ಅದು. ಹಗಲು ಬಿಸಿಲಿನಲ್ಲಿ, ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಾ ಟಿಕೆಟ್ ಕೌಂಟರ್ ಪಕ್ಕ ನಿಂತಿದ್ದನ್ನು ನೋಡುವಾಗ ಸಂಕಟ ಆಗುತ್ತಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಊರು ಇದೇ ಜಿಲ್ಲೆಯಲ್ಲಿದೆ. ಇಲ್ಲೇ ಹೀಗಾದರೆ ಬೇರೆ ಕಡೆಯವರಿಗೆ ಏನು ಹೇಳುವುದು?

ಈಗ ಅದನ್ನು ನಿಲ್ಲಿಸಿದ್ದಾರೆ. ವೇಷ ಸಂಜೆ ಮಾತ್ರ. ಅದಕ್ಕೂ ಮೊದಲು ತೆರೆದ ಚೌಕಿ, ಅಂದರೆ ಬಣ್ಣದ ಮನೆ, ಇಟ್ಟಿದ್ದಾರೆ, ನಾವು ಬೆಂಚಿನ ಮೇಲೆ ಕೂತು ವೇಷ ಕಟ್ಟುವುದನ್ನು ಮೊದಲಿನಿಂದ ನೋಡಬಹುದು. ಕಲಾವಿದರು ಕನ್ನಡಿ ಹಿಡಿದು ತಾವೇ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಆಮೇಲೆ ಚೌಕಳಿ ಸೀರೆಯ ಕಸೆ. ಎದೆಕಟ್ಟು, ಭುಜಕೀರ್ತಿ, ಸೊಂಟಕ್ಕೆ ಡಾಬು. ಈ ಆಭರಣಗಳು ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ ಅಂಟಿಸಿದವು ಅಂತ ನನ್ನ ಜೊತೆ ಬಂದಿದ್ದ ಬೆಂಗಳೂರಿನ ನಾದಿನಿಗೆ ಗೊತ್ತೇ ಇರಲಿಲ್ಲ, ಅವಳು ಇಷ್ಟು ದಿನ ಲೋಹ ಅಂದುಕೊಂಡಿದ್ದಳು. ಕೊನೆಗೆ ಮುಂದಲೆ, ಅಂದರೆ ತಲೆಯ ಕಟ್ಟು. ಕಿರೀಟವಾದರೆ ತಯಾರಾಗಿ ಇರುತ್ತದೆ, ತಲೆಗೆ ಇಟ್ಟು ಕಟ್ಟಿದರೆ ಆಯಿತು. ಕೇದಗೆ ಮುಂದಲೆಯನ್ನು ಪ್ರತಿ ಸಲವೂ ಬಟ್ಟೆ ಸುತ್ತಿ ಸುತ್ತಿ, ಅದರ ಮೇಲೆ ಪಟ್ಟಿ ಎಳೆದು, ಹೊಸದಾಗಿಯೇ ಕಟ್ಟಬೇಕು. ಒಬ್ಬರು ಕಟ್ಟುವಾಗ ಇನ್ನೊಬ್ಬರು ತುದಿ ಹಿಡಿದು ನಿಂತಿರುತ್ತಾರೆ. ಗದ್ದಲ ಮಾಡುತ್ತಿದ್ದ ಶಾಲಾ ಮಕ್ಕಳ ಗುಂಪು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಪ್ರಸಂಗ ಚಿಕ್ಕದು, ಬರೀ ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗ ಮತ್ತು ಒಂದು ಯುದ್ಧ. ಸಾಕು. ಕಲಾವಿದರನ್ನು ಮಾತಾಡಿಸಿದಾಗ, ಹೀಗೆ ಮಾಡೋಣ ಅಂತ ಪಾರ್ಕಿನವರಿಗೆ ಹೇಳಿಕೊಟ್ಟವರು ತಾವೇ ಅಂದರು. ಅದು ಕಣ್ಣಿಗೆ ಕಾಣುತ್ತದೆ.

ಇನ್ನು ನಮ್ಮ ಜಿಲ್ಲೆಯ ಮನೆ. ಸೋಗೆ ಹೊದಿಸಿದ ಚೆಂದದ ಮನೆ, ಮುಂದೆ ತುಳಸಿ ಕಟ್ಟೆ, ಪಕ್ಕದಲ್ಲಿ ಒರಳು ಒನಕೆ. ಮೊದಲು ಇಲ್ಲಿ ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಇಬ್ಬರು ಅಜ್ಜಿಯರು ಕೂರುತ್ತಿದ್ದರು. ಅವರದೇ ಸೀರೆ, ಹೆಗಲ ಮೇಲೆ ಗಂಟು ಹಾಕಿ ಉಡುವ ಗೇಟಿ, ಕುತ್ತಿಗೆ ತುಂಬಾ ಕರಿಮಣಿ ಮತ್ತು ಬಣ್ಣದ ಮಣಿಗಳ ಸರ. ಮನೆಯಲ್ಲಿ ಹೇಗಿರುತ್ತಾರೋ ಹಾಗೇ ಬಂದು, ಹಾಡು ಹೇಳಿ, ಕೇಳಿದವರಿಗೆ ಉತ್ತರ ಕೊಟ್ಟು ಹೋಗುತ್ತಿದ್ದರು. ಅಲ್ಲಿ ವೇಷ ಅನ್ನುವ ಮಾತೇ ಇರಲಿಲ್ಲ.

ಈ ಸೀಸನ್‌ಗೆ ಅಲ್ಲಿಗೂ ಒಂದೇ ತರಹದ ಸೆಟ್ ಬಂದಿದೆ. ಮಿಂಚುವ ಪಾಲಿಯೆಸ್ಟರ್ ಬಟ್ಟೆ, ಮೊದಲೇ ಹೊಲಿದು ಇಲಾಸ್ಟಿಕ್ ಹಾಕಿದ ಸೀರೆ, ಮೈಬಣ್ಣದ ರವಿಕೆ, ಪ್ಲಾಸ್ಟಿಕ್ ಮಣಿಗಳನ್ನೆಲ್ಲ ಒಂದೇ ಪಟ್ಟಿಗೆ ಅಂಟಿಸಿದ ಕಾಲರ್. ಹಿಂದೆ ಒಂದು ಕೊಕ್ಕೆ, ಸಿಕ್ಕಿಸಿದರೆ ಹಾಲಕ್ಕಿ ಆಯಿತು ಅನ್ನುವ ಲೆಕ್ಕ. ಯಾವ ಊರಿನ ಹುಡುಗಿಯಾದರೂ ಸರಿ, ಅಲ್ಲಿ ಡ್ಯೂಟಿ ಬಿದ್ದರೆ ಅದನ್ನೇ ಹಾಕಬೇಕು. ಅಜ್ಜಿಯರಿಗೂ ಅದನ್ನೇ ಹಾಕಲು ಹೇಳಿದ್ದರಂತೆ. ಒಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಇನ್ನೊಬ್ಬರು ತಮ್ಮ ಉಡುಪಿನಲ್ಲೇ ಹಿಂದಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ, ಮುಂದೆ ಬರುವುದಿಲ್ಲ. ಅವರ ಹತ್ತಿರ ಹೋಗಿ ಕೂತೆ. "ಇಷ್ಟು ವರ್ಷದ ಸರ ತೆಗ್ದಿಟ್ಟು ಆ ಪ್ಲಾಸ್ಟಿಕ್ ಹಾಕೂದು ಹ್ಯಾಂಗೆ ತಂಗಿ? ನಾ ಹಾಕೂದಿಲ್ಲ ಅಂದೆ" ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು.

ಇದು ಎಂಥಾ ಉಡುಪು ಅಂತ ಪಾರ್ಕಿನವರಿಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಅಜ್ಜಿ, ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ಇದೇ ಉಡುಪಿನಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡದ್ದನ್ನು ದೇಶವೇ ನೋಡಿತು. ಹಾಲಕ್ಕಿ ಹಾಡುಗಾರ್ತಿ, ಬಡಿಗೇರಿಯ ಸುಕ್ರಜ್ಜಿಗೆ, ಅಂದರೆ ಸುಕ್ರಿ ಬೊಮ್ಮ ಗೌಡರಿಗೆ, 2017ರಲ್ಲೇ ಪದ್ಮಶ್ರೀ ಬಂದಿತ್ತು. ಅವರೂ ಎಲ್ಲಿಗೆ ಹೋದರೂ ಆ ಮಣಿಸರಗಳ ಜೊತೆಗೇ ಹೋದವರು. ಇಬ್ಬರೂ ಈಗಿಲ್ಲ. ಪಾರ್ಕಿನ ಗೋಡೆಯಲ್ಲಿ ಇಬ್ಬರ ದೊಡ್ಡ ಫೋಟೋ ಹಾಕಿದ್ದಾರೆ, ಮಾಲೆ ಹಾಕಿದ್ದಾರೆ. ಆ ಫೋಟೋ ಕೆಳಗೇ ಆ ಕಾಲರ್ ಹಾಕಿಕೊಂಡ ಹುಡುಗಿ ನಿಲ್ಲಬೇಕು. ನನಗೆ ಅಲ್ಲಿ ಫೋಟೋ ತೆಗೆಯಲು ಮನಸ್ಸೇ ಬರಲಿಲ್ಲ. ಹಾಲಕ್ಕಿಗಳು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಅವರ ಉಡುಪನ್ನು ತೋರಿಸಿ ಟಿಕೆಟ್ ಮಾರುವವರು ಅವರ ಮಾತನ್ನೂ ಕೇಳಬೇಕು, ಅಲ್ವಾ?

ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಆ ಮನೆಯಲ್ಲಿ ಕೆಲಸ ಮಾಡುವ ಹಾಲಕ್ಕಿ ಹುಡುಗಿಯೊಬ್ಬಳು, ಪಿಯುಸಿ ಮುಗಿಸಿದವಳು, ತನಗೆ ಗೇಟಿ ಉಟ್ಟು ಪ್ರವಾಸಿಗರ ಮುಂದೆ ನಿಲ್ಲಲು ಇಷ್ಟವಿಲ್ಲ ಅಂದಳು. ಮನೆಯಲ್ಲೂ ಅವಳು ಚೂಡಿದಾರ್ ಹಾಕುವವಳು. ರವಿಕೆ ಇಲ್ಲದ ಉಡುಗೆಯಲ್ಲಿ, ಕುಡಿದು ಬರುವ ಗುಂಪುಗಳ ಮುಂದೆ ನಿಲ್ಲು ಅಂತ ಯಾವ ಹುಡುಗಿಗೂ ಹೇಳಬಾರದು. ಅವಳ ಮಾತು ನೂರಕ್ಕೆ ನೂರು ಸರಿ. ಬಹುಶಃ ಇದಕ್ಕಾಗಿಯೇ ರವಿಕೆಯ ಸೆಟ್ ತಂದಿರಬಹುದು. ಆದರೆ ದಾರಿ ಬೇರೆ ಇತ್ತು. ಅಜ್ಜಿಯರು ತಮ್ಮ ಉಡುಪಿನಲ್ಲಿ ಇರಲಿ. ಹುಡುಗಿಯರು ಸಾದಾ ಹತ್ತಿ ಸೀರೆಯೋ ಚೂಡಿದಾರೋ ಹಾಕಿ, ಎದೆಗೆ ಹೆಸರಿನ ಬ್ಯಾಡ್ಜ್ ಹಾಕಿ, ಬಂದವರಿಗೆ ವಿವರಿಸಲಿ. ಇವತ್ತಿನ ಹಾಲಕ್ಕಿ ಹುಡುಗಿ ಹೇಗಿದ್ದಾಳೋ ಹಾಗೆ ಇದ್ದರೆ ಅದೂ ಹಾಲಕ್ಕಿಯೇ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗರ ಡಮಾಮಿ ಕುಣಿತಕ್ಕೆ ಕೂಡ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಎಲೆ ಮತ್ತು ಗರಿಗಳ ಲಂಗ ಕಟ್ಟಿಸಿದ್ದಾರೆ, ಯಲ್ಲಾಪುರ, ಹಳಿಯಾಳದ ಯಾವ ಸಿದ್ದಿ ಕೇರಿಯಲ್ಲೂ ಜನ ದಿನಾ ಹಾಗೆ ಓಡಾಡುವುದಿಲ್ಲ. ಸಿದ್ದಿ ಹೆಂಗಸರು ಹೊಲಿಯುವ ಕೌದಿ ಎಷ್ಟು ಚೆಂದ! ಅದನ್ನು ಇಟ್ಟು ತೋರಿಸಿದ್ದರೆ ನೋಡಲು ಜನ ಜಾಸ್ತಿ ನಿಲ್ಲುತ್ತಿದ್ದರು.

ಕಾರವಾರದ ಕಡಲತೀರದ ರಾಕ್ ಗಾರ್ಡನ್‌ನಲ್ಲಿ ನಮ್ಮ ಜಿಲ್ಲೆಯ ಬುಡಕಟ್ಟುಗಳ ಆಳೆತ್ತರದ ಪ್ರತಿಮೆಗಳಿವೆ. ಅಲ್ಲಿ ಉಡುಪನ್ನು ಒಂದು ಸಲ ಸರಿಯಾಗಿ ಮಾಡಿದರೆ ಮುಗಿಯಿತು. ಪಾರ್ಕಿನಲ್ಲಿ ಜೀವಂತ ಜನ ಇದ್ದಾರೆ, ಕೆಲಸ ಜಾಸ್ತಿ. ದೊಡ್ಡ ದೊಡ್ಡ ಪಾರ್ಕುಗಳಿಗೂ ಈ ಪ್ರಶ್ನೆ ಬಂದಿದೆ. ಅಮೆರಿಕದ ಫ್ಲಾರಿಡಾದಲ್ಲಿ 1982ರಲ್ಲಿ ತೆರೆದ ಎಪ್ಕಾಟ್ ಪಾರ್ಕಿನಲ್ಲಿ ಈಗ 11 ದೇಶಗಳ ಮನೆಗಳಿವೆ, ಅಲ್ಲಿ ಕೆಲಸಕ್ಕೆ ಆಯಾ ದೇಶದ ಯುವಕ ಯುವತಿಯರನ್ನೇ ಕರೆಸಿಕೊಳ್ಳುವ ಪದ್ಧತಿ ಇದೆ. 1988ರಲ್ಲಿ ಬಂದ ನಾರ್ವೆಯ ಮನೆಯಲ್ಲಿ ಹಳೆಯ ದೋಣಿ ಸವಾರಿಯನ್ನು 2014ರಲ್ಲಿ ಮುಚ್ಚಿ, 2016ರಲ್ಲಿ ಕಾರ್ಟೂನ್ ಸಿನಿಮಾದ ಕಾಲ್ಪನಿಕ ರಾಜ್ಯದ ಸವಾರಿ ತಂದಾಗ, ಇದು ನಾರ್ವೆಯೋ ಸಿನಿಮಾವೋ ಅಂತ ಅಲ್ಲಿಯ ಅಭಿಮಾನಿಗಳು ಬೇಸರ ಮಾಡಿಕೊಂಡಿದ್ದರು. ನಾರ್ವೆಯವರ ಸಾಂಪ್ರದಾಯಿಕ ಉಡುಪು ಬುನಾದ್ ಪ್ರದೇಶಕ್ಕೊಂದು ತರಹ ಇರುತ್ತದೆ, ಮೇ 17ರ ಅವರ ರಾಷ್ಟ್ರೀಯ ದಿನಕ್ಕೆ ಜನ ಅದನ್ನು ಹೆಮ್ಮೆಯಿಂದ ತೊಡುತ್ತಾರೆ. ನಮ್ಮ ಪಾರ್ಕಿಗೆ ಬೇರೆ ದೇಶದಿಂದ ಯಾರನ್ನೂ ಕರೆಸುವ ಖರ್ಚಿಲ್ಲ. ಹಾಲಕ್ಕಿ ಕೊಪ್ಪಗಳು, ಅಂದರೆ ಅವರ ಕೇರಿಗಳು, ಪಕ್ಕದಲ್ಲೇ ಇವೆ.

ಸಿಬ್ಬಂದಿಗೆ ಈಗ ಬಟ್ಟೆ ಬದಲಿಸಲು ಸರಿಯಾದ ಕೋಣೆ ಸಿಕ್ಕಿದೆ, ಹಿಂದೆ ತಗಡಿನ ಮರೆಯಲ್ಲಿ ಬದಲಿಸುತ್ತಿದ್ದರು. ಪ್ರತಿಯೊಬ್ಬರಿಗೂ ಅವರ ಅಳತೆಯ ಬಟ್ಟೆ, ಬೇರೆಯವರು ಹಾಕಿ ಬಿಟ್ಟಿದ್ದನ್ನು ಹಾಕುವ ಗೋಳು ಇಲ್ಲ. ಇದನ್ನು ಮಾಡಿದ್ದಕ್ಕೆ ಪಾರ್ಕಿನವರಿಗೆ ಮನಸಾರೆ ಧನ್ಯವಾದ.

ಹೋಗುವವರು ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಹೋಗಿ, ಚೌಕಿ ಶುರುವಾಗುವ ಮೊದಲೇ ಯಕ್ಷಗಾನದ ಮನೆಯಲ್ಲಿ ಜಾಗ ಹಿಡಿಯಿರಿ. ತಿಂಡಿಗೆ ನಮ್ಮ ಜಿಲ್ಲೆಯ ಮನೆಯ ತೊಡದೇವು ತಪ್ಪಿಸಬೇಡಿ, ಗರಿಗರಿಯಾಗಿ ಬಿಸಿಬಿಸಿ ಮಾಡಿಕೊಡುತ್ತಾರೆ. ಹೊರಗೆ ಹೋಗುವ ಬಾಗಿಲಲ್ಲಿ ಅಭಿಪ್ರಾಯ ಬರೆಯುವ ಪುಸ್ತಕ ಇದೆ. ಆ ಕಾಲರ್ ತೆಗೆದು ಅಜ್ಜಿಯರನ್ನು ಅವರ ಉಡುಪಿನಲ್ಲೇ ಜಗಲಿಗೆ ಕರೆಯಿರಿ ಅಂತ ನಾನು ಬರೆದು ಬಂದಿದ್ದೇನೆ, ನಿಮಗೂ ಹಾಗೆ ಅನ್ನಿಸಿದರೆ ದಯವಿಟ್ಟು ಬರೆಯಿರಿ. ಜೊತೆಗೆ ಇನ್ನೊಂದು ಮಾತು ಸೇರಿಸಿ. ಹುಡುಗಿಯರಿಗೆ ಸಿಕ್ಕಿರುವುದು ಎರಡೇ ಜೊತೆ ಹತ್ತಿ ಬಟ್ಟೆ. ಜೂನ್ ಬಂದರೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಹಸಿ ಬಟ್ಟೆ ಹಾಕಿ ನಿಲ್ಲಬೇಕಾಗುತ್ತದೆ. ಮಳೆ ಹಿಡಿಯುವ ಮೊದಲು ಮೂರನೇ ಜೊತೆ ಹೊಲಿಸಿ ಕೊಡಲಿ.