ಸರಳರೇಖೆಯ ಇಳಿಜಾರು: ನಾಲ್ಕು ವಿಧಾನ ಬಳಸಿ ನೋಡಿದ ಮೇಲೆ

ತೀರ್ಥಹಳ್ಳಿಯ ನಮ್ಮ ಮನೆಗೆ ಸಂಜೆ ಹೊತ್ತು ಲೆಕ್ಕ ಹೇಳಿಸಿಕೊಳ್ಳೋಕೆ ಮಕ್ಕಳು ಬರುತ್ತಾರೆ. ಹೈಸ್ಕೂಲಿನವರೂ ಇದ್ದಾರೆ, ಪಿಯುಸಿಯವರೂ ಇದ್ದಾರೆ. ಇಳಿಜಾರು, ಅಂದರೆ ಸ್ಲೋಪ್, ಕಂಡುಹಿಡಿಯೋಕೆ ನಾಲ್ಕು ವಿಧಾನಗಳನ್ನು ಅವರ ಜೊತೆ ಕೂತು ಮಾಡಿ ನೋಡಿದ್ದೇನೆ. ಗ್ರಾಫ್ ಮೇಲೆ ಚೌಕ ಎಣಿಸೋದು, ಎರಡು ಬಿಂದುಗಳ ಸೂತ್ರ (ವೈಗಳ ವ್ಯತ್ಯಾಸವನ್ನು ಎಕ್ಸ್‌ಗಳ ವ್ಯತ್ಯಾಸದಿಂದ ಭಾಗಿಸೋದು), ಸಮೀಕರಣದಲ್ಲಿ ವೈ ಒಂದನ್ನೇ ಎಡಗಡೆ ಉಳಿಸೋದು, ಆಮೇಲೆ ಎಕ್ಸ್ ಜೊತೆಗಿರುವ ಸಂಖ್ಯೆ ಎ, ವೈ ಜೊತೆಗಿರುವುದು ಬಿ ಅಂತ ಹಿಡಿದು 'ಮೈನಸ್ ಎ ಬೈ ಬಿ' ಅನ್ನೋ ಶಾರ್ಟ್‌ಕಟ್. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಎರಡು ಬಿಂದುಗಳ ಸೂತ್ರವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಶುರು ಮಾಡಿಸೋದು ಮಾತ್ರ ಗ್ರಾಫಿನಿಂದ.

ಗ್ರಾಫಿನಲ್ಲಿ ಕೆಲಸ ಕಣ್ಣಿಗೆ ಕಾಣುತ್ತದೆ. ಗೆರೆಯ ಮೇಲೆ ಒಂದು ಬಿಂದು ಹಿಡಿ, ಬಲಕ್ಕೆ ಎಷ್ಟು ಹೋದೆ, ಮೇಲಕ್ಕೆ ಎಷ್ಟು ಏರಿದೆ ಅಂತ ಎಣಿಸು, ಏರಿದ್ದನ್ನು ಹೋಗಿದ್ದರಿಂದ ಭಾಗಿಸು. ಅಷ್ಟೇ. ಒಂಬತ್ತನೇ ಕ್ಲಾಸಿನ ಹುಡುಗಿಗೂ ಕೂತಲ್ಲೇ ಅರ್ಥವಾಗುತ್ತದೆ. ಬಿಂದುಗಳನ್ನು ಆದಷ್ಟು ದೂರದೂರ ಆರಿಸಬೇಕು, ಗೆರೆ ಚೌಕದ ಮೂಲೆಯಲ್ಲೇ ಹಾದುಹೋಗುವ ಜಾಗ ನೋಡಿ ಆರಿಸಬೇಕು. ಹತ್ತಿರದ ಬಿಂದುಗಳಾದರೆ ಓದುವಾಗ ಆಗುವ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡದಾಗುತ್ತದೆ.

ತೊಂದರೆ ಬರೋದು ಸ್ಕೇಲಿನಲ್ಲಿ. ನಮ್ಮ ಕಡೆ ಅಡಿಕೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ, ಅದೂ ಇಂಚಿನ ಲೆಕ್ಕದಲ್ಲಿ. ಆ ಡೈರಿಯೇ ನನಗೆ ಒಳ್ಳೆ ಪಾಠ. 4ನೇ ದಿನಕ್ಕೆ ಒಟ್ಟು 10 ಇಂಚು, 10ನೇ ದಿನಕ್ಕೆ ಒಟ್ಟು 34 ಇಂಚು ಆಗಿದೆ ಅಂತ ಇಟ್ಟುಕೊಳ್ಳಿ. 24 ಇಂಚನ್ನು 6 ದಿನದಿಂದ ಭಾಗಿಸಿದರೆ ಇಳಿಜಾರು 4. ಅಂದರೆ ಸರಾಸರಿ ದಿನಕ್ಕೆ ನಾಲ್ಕು ಇಂಚು ಮಳೆ. ಈಗ ಇದನ್ನೇ ಗ್ರಾಫಿಗೆ ಹಾಕಿ. ಅಡ್ಡಕ್ಕೆ 1 ಸೆಂಟಿಮೀಟರಿಗೆ 1 ದಿನ, ಉದ್ದಕ್ಕೆ 1 ಸೆಂಟಿಮೀಟರಿಗೆ 5 ಇಂಚು. ಹಾಳೆಯ ಮೇಲೆ ಗೆರೆ ಬಲಕ್ಕೆ 6 ಸೆಂಟಿಮೀಟರ್ ಹೋಗಿ ಮೇಲಕ್ಕೆ 4.8 ಮಾತ್ರ ಏರುತ್ತದೆ. ಸುಮ್ನೆ ಸೆಂಟಿಮೀಟರ್ ಲೆಕ್ಕ ಹಾಕಿದ ಮಗು 0.8 ಅಂತ ಬರೆಯುತ್ತದೆ. ಎಲ್ಲಿಯ 4, ಎಲ್ಲಿಯ 0.8!

ಈ ನಾಲ್ಕರ ಹೊರಗೆ ಟ್ಯಾನ್ ಥೀಟಾ ವಿಧಾನವೂ ಇದೆ, ಗೆರೆ ಎಕ್ಸ್ ಅಕ್ಷದ ಜೊತೆ ಮಾಡುವ ಕೋನವೇ ಥೀಟಾ; ಅದಕ್ಕೂ ಇದೇ ಕಾಟ. ಮೊದಲ ಪಿಯುಸಿಯ ಸರಳರೇಖೆಗಳ ಪಾಠದಲ್ಲಿ ಇಳಿಜಾರು ಅಂದರೆ ಟ್ಯಾನ್ ಥೀಟಾ ಅಂತಲೇ ಬರುತ್ತದೆ. ಕೋನ ಕೊಟ್ಟಿದ್ದರೆ ಇದಕ್ಕಿಂತ ಸುಲಭ ಬೇರೆ ಇಲ್ಲ, 45 ಡಿಗ್ರಿ ಅಂದರೆ 1 ಅಂತ ಬರೆದು ಮುಂದೆ ಹೋಗಬಹುದು. ಆದರೆ ಮೇಲಿನ ಮಳೆ ಗ್ರಾಫಿಗೆ ಕೋನಮಾಪಕ ಇಟ್ಟರೆ ಸುಮಾರು 39 ಡಿಗ್ರಿ ಸಿಗುತ್ತದೆ, ಅದರ ಟ್ಯಾನ್ ಮತ್ತೆ 0.8ರ ಹತ್ತಿರವೇ. ಎರಡೂ ಅಕ್ಷಕ್ಕೆ ಒಂದೇ ಸ್ಕೇಲ್ ಇಲ್ಲದಿದ್ದರೆ ಕೋನ ಅಳೆಯೋ ಕೆಲಸಕ್ಕೇ ಹೋಗಬಾರದು.

ಎರಡು ಬಿಂದುಗಳ ಸೂತ್ರಕ್ಕೆ ಸ್ಕೇಲಿನ ಗೊಡವೆಯೇ ಇಲ್ಲ. ಅದಕ್ಕೇ ಅದು ನನಗೆ ಇಷ್ಟ. ಮಕ್ಕಳು ಎಡವೋದು ಮೈನಸ್ ಚಿಹ್ನೆಯಲ್ಲಿ. (−2, 5) ಮತ್ತು (4, −7) ಕೊಟ್ಟು ನೋಡಿ. ವೈಗಳನ್ನು ಒಂದು ಕ್ರಮದಲ್ಲಿ, ಎಕ್ಸ್‌ಗಳನ್ನು ಇನ್ನೊಂದು ಕ್ರಮದಲ್ಲಿ ಕಳೆದು 2 ಅಂತ ಬರೆಯುವವರು ಬಹಳ ಜನ. ಸೂತ್ರವನ್ನು ಒಂದೇ ಸಾಲಿನಲ್ಲಿ ಬರೆಸೋದು ಬಿಟ್ಟು, ಬಿಂದುಗಳನ್ನು ಒಂದರ ಕೆಳಗೆ ಒಂದು ಬರೆಸಿದೆ. ಮೇಲೆ −2, 5. ಕೆಳಗೆ 4, −7. ಎರಡೂ ಕಡೆ ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ ಎಕ್ಸ್ ಕಡೆ −6, ವೈ ಕಡೆ 12. 12ನ್ನು −6ರಿಂದ ಭಾಗಿಸಿದರೆ −2. ಹೀಗೆ ಬರೆಸಿದ ಮೇಲೆ ಚಿಹ್ನೆ ತಪ್ಪೋದು ತುಂಬಾ ಕಡಿಮೆಯಾಯಿತು. ಎಕ್ಸ್ −2ರಿಂದ 4ಕ್ಕೆ ಏರುವಾಗ ವೈ 5ರಿಂದ −7ಕ್ಕೆ ಇಳಿದಿದೆ, ಹಾಗಾದರೆ ಉತ್ತರ ಮೈನಸ್ ಬರಲೇಬೇಕು ಅಲ್ವಾ? ಈ ಪ್ರಶ್ನೆಯನ್ನು ಪ್ರತಿ ಲೆಕ್ಕದ ಕೊನೆಗೂ ಕೇಳುತ್ತೇನೆ.

ಬಿಂದು ಇಲ್ಲ, ಸಮೀಕರಣ ಮಾತ್ರ ಇದೆ ಅಂದಾಗ ಉಳಿದ ಎರಡು ವಿಧಾನಗಳ ಪೈಪೋಟಿ. 3ಎಕ್ಸ್ + 4ವೈ = 12 ಅಂತ ನೀಟಾಗಿ ಕೊಟ್ಟರೆ ಶಾರ್ಟ್‌ಕಟ್ಟಿನಲ್ಲಿ −3/4 ಅಂತ ನೋಡಿದ ಕೂಡಲೇ ಹೇಳಬಹುದು. ಅದೇ 5ವೈ = 2ಎಕ್ಸ್ + 10 ಅಂತ ಬಂದರೆ? ಶಾರ್ಟ್‌ಕಟ್ ಬಾಯಿಪಾಠ ಮಾಡಿದವರು −2/5 ಅನ್ನುತ್ತಾರೆ. ಎಕ್ಸ್ ಮತ್ತು ವೈ ಎರಡೂ ಒಂದೇ ಕಡೆ ಇರಬೇಕು ಅನ್ನೋ ಷರತ್ತೇ ಅವರ ನೆನಪಿನಲ್ಲಿ ಉಳಿದಿರೋದಿಲ್ಲ. ಐದರಿಂದ ಭಾಗಿಸಿ ವೈ ಒಂದನ್ನೇ ಉಳಿಸಿದವರಿಗೆ ಎಕ್ಸ್ ಜೊತೆಗಿರುವ ಸಂಖ್ಯೆಯೇ ಇಳಿಜಾರು, 2/5 ಅಂತ ಸರಿಯಾಗಿ ಸಿಗುತ್ತದೆ, ಜೊತೆಗೆ ಗೆರೆ ವೈ ಅಕ್ಷವನ್ನು 2ರಲ್ಲಿ ದಾಟುತ್ತದೆ ಅನ್ನೋದೂ ಸಿಗುತ್ತದೆ. ಒಂದೇ ಸಾಲು ಜಾಸ್ತಿ ಬರೆದರೆ ಇಷ್ಟೆಲ್ಲ ಸಿಗುವಾಗ ನಾನು ಇದರ ಕಡೆಯೇ. ಸಿಇಟಿ ಬರೆಯುವವರ ಮಾತು ಬೇರೆ. ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. 3ಎಕ್ಸ್ + 4ವೈ = 12, 6ಎಕ್ಸ್ + 8ವೈ = 5 ಸಮಾಂತರವೇ ಅಂತ ಕೇಳಿದರೆ ಶಾರ್ಟ್‌ಕಟ್ಟೇ ಸರಿ, ಎರಡರಲ್ಲೂ −3/4.

ಇನ್ನು ನೆಟ್ಟಗೆ ನಿಂತ ಗೆರೆ. ಎಕ್ಸ್ = 3 ಕೊಟ್ಟರೆ ಉಳಿಸೋಕೆ ವೈ ಇಲ್ಲವೇ ಇಲ್ಲ. ಶಾರ್ಟ್‌ಕಟ್ಟಿನಲ್ಲೂ, ಎರಡು ಬಿಂದುಗಳ ಸೂತ್ರದಲ್ಲೂ ಕೆಳಗೆ ಸೊನ್ನೆ ಬರುತ್ತದೆ. ಸೊನ್ನೆ ಕಂಡ ಕೂಡಲೇ 'ಇಳಿಜಾರು ಸೊನ್ನೆ' ಅಂತ ಬರೆದುಬಿಡುತ್ತಾರೆ. ಮಲಗಿದ ಗೆರೆಯ ಇಳಿಜಾರು ಸೊನ್ನೆ, ನಿಂತ ಗೆರೆಗೆ ಇಳಿಜಾರನ್ನು ಹೇಳೋಕೇ ಆಗೋದಿಲ್ಲ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ನಿಲ್ಲೋದಿಲ್ಲ. (3, 1), (3, 6) ಗುರುತು ಮಾಡಿ ಗೆರೆ ಎಳೆದು, ಬಲಕ್ಕೆ ಎಷ್ಟು ಹೋದೆ ಅಂತ ಅವರೇ ಎಣಿಸಬೇಕು. ಆ ಲೆಕ್ಕಕ್ಕೆ ಪಿಯುಸಿ ಮಕ್ಕಳ ಕೈಗೂ ಗ್ರಾಫ್ ಹಾಳೆಯನ್ನೇ ಕೊಡುತ್ತೇನೆ.