ಯೆಜ್ಡಿನಾ, ಆರ್‌ಡಿನಾ? ಒಂದು ತಿಂಗಳ ಅದಲು ಬದಲು

ನನ್ನದು ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕ್. ಮಂಡ್ಯದ ನಮ್ಮ ಭಾವನದು ರಾಜ್‌ದೂತ್ 350, ಅಂದ್ರೆ ಜಪಾನಿನ ಯಮಹಾ ಆರ್‌ಡಿ 350ಯ ನಮ್ಮ ದೇಶದ ರೂಪ; ಎಲ್ಲರ ಬಾಯಲ್ಲೂ ಆರ್‌ಡಿ. ಹಬ್ಬಕ್ಕೆ ಸೇರಿದಾಗೆಲ್ಲ ಯಾವುದು ಮೇಲು ಅಂತ ಜಗಳ. ಈ ಸಲ ಒಂದು ತಿಂಗಳು ಗಾಡಿ ಬದಲಾಯಿಸಿಕೊಂಡೆವು.

ಲೆಕ್ಕ ನೋಡಿದರೆ ಪೈಪೋಟಿಯೇ ಅಲ್ಲ. ಯೆಜ್ಡಿ 250 ಸಿಸಿ, ಒಂದೇ ಸಿಲಿಂಡರ್, ನಾಲ್ಕು ಗೇರ್, 16 ಬಿಎಚ್‌ಪಿ. ಆರ್‌ಡಿ 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ಭಾವನದು ಹೆಚ್ಚು ಶಕ್ತಿಯ ಹೈ ಟಾರ್ಕ್ ಮಾದರಿ ಬೇರೆ, 30.5 ಬಿಎಚ್‌ಪಿ. ಬೆಳಗಿನ ಜಾವ ಚಾಮುಂಡಿ ಬೆಟ್ಟ ಹತ್ತಿಸಿದೆ. ಏರು ಇದೆ ಅನ್ನೋದೇ ಗೊತ್ತಾಗಲಿಲ್ಲ!

ಇಳಿಯೋದು ಮಾತ್ರ ಬೇರೆ ಕಥೆ. ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿ ಬಂದದ್ದು ಡ್ರಮ್ ಬ್ರೇಕ್. ಅದರ ಮೇಲೆ ಭಾವ ಬ್ರೇಕ್ ಶೂ ಯಾವ ಕಾಲದಲ್ಲಿ ಹಾಕಿಸಿದ್ದರೋ. ದೇವರ ನೆನೆಯುತ್ತಾ ಬಂದೆ. ಯೆಜ್ಡಿಯಲ್ಲೂ ಇಳಿಜಾರಿಗೆ ಒಂದು ಜಾಗ್ರತೆ ಬೇಕು. ಪೆಟ್ರೋಲ್ ಜೊತೆಗೇ ಆಯಿಲ್ ಹೋಗುವುದರಿಂದ ಆಗಾಗ ಆಕ್ಸಿಲೇಟರ್ ಕೊಡುತ್ತಿರಬೇಕು, ಇಲ್ಲದಿದ್ದರೆ ಪಿಸ್ಟನ್ ಒಣಗುತ್ತೆ. ಬಂಕ್‌ನಲ್ಲಿ ಲೀಟರಿಗೆ 40 ಎಂಎಲ್ ಅಳೆದು ಹಾಕುವ ಕೆಲಸವೂ ನಮ್ಮದೇ. ಆರ್‌ಡಿಗೆ ಆಯಿಲ್ ಟ್ಯಾಂಕೇ ಬೇರೆ, ಪಂಪ್ ನೋಡಿಕೊಳ್ಳುತ್ತೆ. ಈ ಸುಖ ಒಪ್ಪಲೇಬೇಕು.

ಟ್ಯೂನಿಂಗ್‌ಗೆ ಬಂದರೆ ನನ್ನ ಓಟು ಯೆಜ್ಡಿಗೆ. ಪ್ಲಗ್‌ನ ಕಿಡಿಗೆ ಸಮಯ ಕೊಡುವ ಪಾಯಿಂಟ್ ಒಂದೇ. 0.4 ಎಂಎಂ ಗ್ಯಾಪ್ ಇಟ್ಟು, ಒಂದು ಸುತ್ತು ಹೋಗಿ ಬಂದು ಪ್ಲಗ್ ಬಿಚ್ಚಿದರೆ ತುದಿ ಕಾಫಿಪುಡಿ ಬಣ್ಣಕ್ಕಿರಬೇಕು, ಅಷ್ಟೇ. ಆರ್‌ಡಿಗೆ ಎರಡು ಪಾಯಿಂಟ್, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೂಡ ಎರಡು. ಎರಡೂ ಒಟ್ಟಿಗೆ ಉಸಿರಾಡಬೇಕು. ಭಾವ ಗಾಡಿ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎರಡು ಸೈಲೆನ್ಸರಿಗೂ ಒಂದೊಂದು ಅಂಗೈ ಹಿಡಿದು, "ಎಡಗಡೇದು ಕಮ್ಮಿ ಐತೆ ಕಣೋ, ಸ್ಕ್ರೂ ಕಾಲು ಸುತ್ತು ತಿರುಗ್ಸು" ಅಂತಾರೆ. ಹೀಗೇ ಒಂದು ಭಾನುವಾರ ಮುಗಿಯಿತು.

ರಿಪೇರಿ ವಿಷಯದಲ್ಲೂ ನನ್ನ ಓಟು ಯೆಜ್ಡಿಗೇ. ಯೆಜ್ಡಿ 1996ರವರೆಗೆ ನಮ್ಮ ಯಾದವಗಿರಿಯಲ್ಲೇ ತಯಾರಾಗುತ್ತಿತ್ತು. ಅದರ ಕೈಗುಣ ಬಲ್ಲವರು ಮೈಸೂರಲ್ಲಿ ಈಗಲೂ ಸಿಗುತ್ತಾರೆ.

ರಸ್ತೆಯಲ್ಲಿ ರೇಸ್ ಬೇಡ ಅಂತ ಮೊದಲೇ ಮಾತಾಗಿತ್ತು. ಹಾಗಾಗಿ ಭಾವನ ಗೆಳೆಯರ ಕಬ್ಬು ಕಡಿದ ಗದ್ದೆಯಲ್ಲಿ ಮೂರು ಸುತ್ತು. ನಾನು ಆರ್‌ಡಿ, ಭಾವ ಯೆಜ್ಡಿ. ಪವರ್ ಬಂದ ತಕ್ಷಣ ನನ್ನ ಹಿಂದಿನ ಚಕ್ರ ಮಣ್ಣು ತೋಡುತ್ತಾ ನಿಂತಲ್ಲೇ ನಿಂತಿತು. ಭಾವ ಎತ್ತಿನಗಾಡಿ ಹೊಡೆದಂತೆ ನಿಧಾನಕ್ಕೆ, ಒಂದೇ ಸಮನೆ ಹೋಗಿ ಗೆದ್ದರು. ಅಂದ್ರೆ ನನ್ನ ಗಾಡಿ ಗೆದ್ದಿತು, ನಾನು ಸೋತೆ!

ಯೆಜ್ಡಿಯಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ, ಎಡಗಡೆ. ಮೊದಲ ದಿನ ಭಾವ ಬಲಗಡೆ ಹುಡುಕಿ ಬೈದಿದ್ದರು. ತಿಂಗಳಾದ ಮೇಲೆ ಅವರ ಆರ್‌ಡಿ ಒಪ್ಪಿಸಿದೆ. ಹತ್ತಿ ಕೂತವರೇ ಎಡಗಾಲಲ್ಲಿ ಕಿಕ್ಕರ್ ತಡಕಾಡುತ್ತಿದ್ದರು.